ನಲ್ಲಿಗೆ ನೀರು ಬರುವ ಸಂಭವವೆಷ್ಟು: ಒಂದು ನಗರದ ಕೊಳವೆ ಜಾಲವನ್ನು ಲೆಕ್ಕಕ್ಕಿಳಿಸಿದ ಅನುಭವ

ಆದೇಶಪತ್ರದಲ್ಲಿ ನಮ್ಮಿಂದ ಕೇಳಿದ್ದು ಒಂದೇ ಸಾಲು: ನಗರದ ನೀರು ಸರಬರಾಜು ಎಷ್ಟರ ಮಟ್ಟಿಗೆ ವಿಶ್ವಾಸಾರ್ಹ ಎಂಬುದನ್ನು ಗಣಿತದ ಮಾದರಿಯ ಮೂಲಕ ಅಳೆದು ಶೇಕಡಾವಾರು ಲೆಕ್ಕದಲ್ಲಿ ತಿಳಿಸತಕ್ಕದ್ದು. ನಾವು ಮೂವರಿದ್ದೆವು. ಕೊಳವೆ ಜಾಲದ ಲೆಕ್ಕಾಚಾರ ನನಗೆ ಹೊಸದೇನೂ ಆಗಿರಲಿಲ್ಲ. ಹೊಸ ಬಡಾವಣೆಗೆ ಎಷ್ಟು ವ್ಯಾಸದ ಕೊಳವೆ ಬೇಕು, ಪಂಪ್ ಎಷ್ಟು ಎತ್ತರಕ್ಕೆ ನೀರನ್ನು ತಳ್ಳಬೇಕು ಎಂಬ ಬಗೆಯ ಪ್ರಶ್ನೆಗಳಿಗೆ ಹಲವು ವರ್ಷಗಳಿಂದ ಉತ್ತರ ಕಂಡುಹಿಡಿಯುತ್ತ ಬಂದಿದ್ದೆ. ಆದರೆ ಅವೆಲ್ಲವೂ ಎಲ್ಲ ಯಂತ್ರಗಳೂ ನೆಟ್ಟಗೆ ಓಡುತ್ತಿರುವ ದಿನದ ಪ್ರಶ್ನೆಗಳು. ಏನಾದರೂ ಕೆಟ್ಟ ದಿನ ಜಾಲ ಹೇಗೆ ನಡೆದುಕೊಳ್ಳುತ್ತದೆ, ಅಂಥ ದಿನಗಳು ವರ್ಷದಲ್ಲಿ ಎಷ್ಟು ಬರುತ್ತವೆ ಎಂದು ನನ್ನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ಮೊದಲ ಸಭೆಯಲ್ಲಿಯೇ ಸರಬರಾಜು ಸಂಸ್ಥೆಯ ಹಿರಿಯ ಎಂಜಿನಿಯರೊಬ್ಬರು ತಮ್ಮ ಉತ್ತರವನ್ನು ಮುಂದಿಟ್ಟರು. ವರ್ಷವಿಡೀ ಬೇಕಾಗಿದ್ದ ನೀರಿನಿಂದ ಬಿಟ್ಟ ನೀರನ್ನು ಭಾಗಿಸಿದರೆ ಶೇ. 99 ಬರುತ್ತದೆ, ನೀವು ಅದನ್ನು ಮಾದರಿಯಿಂದ ದೃಢಪಡಿಸಿದರೆ ಸಾಕು ಎಂಬುದು ಅವರ ಮಾತಿನ ತಾತ್ಪರ್ಯ. ಆ ಅಂಕಿ ತಪ್ಪೆಂದು ನನಗೂ ಅನಿಸಲಿಲ್ಲ. ಅನುಮಾನ ಬಂದದ್ದು ರಾತ್ರಿ ಕಾಗದದ ಮೇಲೆ ಅದನ್ನು ಗಂಟೆಗಳಿಗೆ ಇಳಿಸಿ ನೋಡಿದಾಗ. ವರ್ಷದ 8,760 ಗಂಟೆಗಳಲ್ಲಿ ಶೇ. 1 ಎಂದರೆ 87.6 ಗಂಟೆ. ನಾಲ್ಕು ದಿನಕ್ಕೊಮ್ಮೆ ಸುಮಾರು ಒಂದು ಗಂಟೆ ನೀರು ನಿಂತರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ವರ್ಷವಿಡೀ ಸರಾಗವಾಗಿ ಬಂದು, ಒಂದೇ ಸಲ ಸತತ ಮೂರೂವರೆ ದಿನಕ್ಕಿಂತ ಹೆಚ್ಚು ಕಾಲ ನಿಂತುಹೋದರೂ ಅಷ್ಟೇ ಆಗುತ್ತದೆ. ಮೊದಲನೆಯದನ್ನು ಬಹುಮಂದಿ ಗಮನಿಸುವುದೂ ಇಲ್ಲ. ಎರಡನೆಯದು ಬಂದರೆ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಗುತ್ತದೆ. ಅದಕ್ಕೂ ಮಿಗಿಲಾಗಿ, ನಗರದ ಒಟ್ಟು ನೀರಿನ ಲೆಕ್ಕದಲ್ಲಿ ಆ ಶೇ. 1 ಕೊರತೆಯನ್ನು ಎಲ್ಲರೂ ಹಂಚಿಕೊಂಡರೋ ಅಥವಾ ದಿಬ್ಬದ ಮೇಲಿನ ಒಂದೇ ಬಡಾವಣೆ ಅಷ್ಟನ್ನೂ ಹೊತ್ತುಕೊಂಡಿತೋ ಎಂಬುದು ಕಾಣುವುದೇ ಇಲ್ಲ.

ಈ ತೊಡಕನ್ನು ಬಿಡಿಸುವ ಚೌಕಟ್ಟು ನಮಗೆ ಸಿಕ್ಕಿದ್ದು 1982ರಲ್ಲಿ ಹಾಶಿಮೊಟೊ, ಸ್ಟೆಡಿಂಜರ್ ಮತ್ತು ಲೌಕ್ಸ್ ಪ್ರಕಟಿಸಿದ ಪ್ರಬಂಧವೊಂದರಲ್ಲಿ. ನೀರಿನ ವ್ಯವಸ್ಥೆಯೊಂದನ್ನು ತೂಗಲು ಅವರು ಮೂರು ಅಳತೆಗಳನ್ನು ಬೇರ್ಪಡಿಸಿದ್ದಾರೆ: ವ್ಯವಸ್ಥೆ ತೃಪ್ತಿಕರ ಸ್ಥಿತಿಯಲ್ಲಿರುವ ಸಂಭವವೆಷ್ಟು, ಕೆಟ್ಟರೆ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ, ಕೆಟ್ಟಾಗ ಕೊರತೆ ಎಷ್ಟು ತೀವ್ರವಾಗಿರುತ್ತದೆ. ಓದುವಾಗ ಇದೇನು ಮಹಾ ಎನಿಸುವಷ್ಟು ಸರಳವಾದ ವಿಂಗಡಣೆಯಿದು. ಆದರೆ ಈ ಮೂರನ್ನೂ ಲೆಕ್ಕ ಹಾಕಲು ಹೊರಟ ಕೂಡಲೇ ಎದುರಾಗುವ ಪ್ರಶ್ನೆಗೆ ಯಾವ ಪ್ರಬಂಧವೂ ನಮ್ಮ ಪರವಾಗಿ ಉತ್ತರ ಕೊಡಲಾರದು. ‘ತೃಪ್ತಿಕರ ಸ್ಥಿತಿ’ ಎಂದರೆ ಯಾವುದು ಎಂಬುದನ್ನು ನಾವೇ ಗೊತ್ತುಮಾಡಬೇಕು.

ನಮ್ಮ ಮೊದಲ ಎರಡು ತಿಂಗಳು ಬಹುಪಾಲು ಇದಕ್ಕೇ ಹೋಯಿತು, ಮತ್ತು ಇಂದಿಗೂ ನನ್ನ ಅಭಿಪ್ರಾಯದಲ್ಲಿ ಆ ಇಡೀ ಯೋಜನೆಯ ಅತ್ಯಂತ ಉಪಯುಕ್ತ ಎರಡು ತಿಂಗಳು ಅವೇ. ನಲ್ಲಿಯಲ್ಲಿ ಹನಿ ನೀರು ಬಂದರೆ ಅದು ಸರಬರಾಜೇ? ನೆಲಮಟ್ಟದಲ್ಲಿ ಬಂದು ಎರಡನೆಯ ಮಹಡಿಗೆ ಏರದಿದ್ದರೆ? ಬೆಂಕಿ ನಂದಿಸುವವರು ಪೈಪು ಜೋಡಿಸಿದಾಗ ಪಕ್ಕದ ಬೀದಿಯ ಒತ್ತಡ ಕುಸಿದರೆ ಅದನ್ನು ವೈಫಲ್ಯವೆನ್ನಬೇಕೇ? ಕೊನೆಗೆ ನಾವು ಒಪ್ಪಿಕೊಂಡದ್ದು ಹೀಗೆ: ಕೊಳವೆಗಳು ಕೂಡುವ ಪ್ರತಿ ಸಂಧಿಯಲ್ಲಿಯೂ ಒತ್ತಡ 15 ಮೀಟರ್ ನೀರಿನ ಕಂಬಕ್ಕೆ ಸಮನಾಗಿದ್ದರೆ, ಅಂದರೆ ಸುಮಾರು ಒಂದೂವರೆ ಬಾರ್ ಇದ್ದರೆ, ಅಲ್ಲಿನ ಬೇಡಿಕೆ ಪೂರ್ತಿ ಈಡೇರುತ್ತದೆ, 3 ಮೀಟರಿಗಿಂತ ಕೆಳಗಿಳಿದರೆ ಏನೂ ಸಿಗುವುದಿಲ್ಲ, ನಡುವೆ ಎಷ್ಟು ಸಿಗುತ್ತದೆ ಎಂಬುದನ್ನು 1988ರಿಂದ ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ವ್ಯಾಗ್ನರ್ ಸೂತ್ರದ ವರ್ಗಮೂಲ ಸಂಬಂಧದಿಂದ ತೆಗೆಯುವುದು. ಆ ಸೂತ್ರದಂತೆ ಒತ್ತಡ 6 ಮೀಟರಿಗೆ ಇಳಿದಾಗ 3ರಿಂದ 15 ಮೀಟರಿನವರೆಗಿನ ಹನ್ನೆರಡರಲ್ಲಿ ಮೂರು ಭಾಗ, ಅಂದರೆ ಕಾಲು ಭಾಗ ಒತ್ತಡವಷ್ಟೇ ಉಳಿದಿರುತ್ತದೆ. ಕಾಲಿನ ವರ್ಗಮೂಲ ಅರ್ಧವಾದ್ದರಿಂದ ಬೇಡಿಕೆಯ ಅರ್ಧದಷ್ಟು ನೀರು ಇನ್ನೂ ಬರುತ್ತಿರುತ್ತದೆ. ಗೆರೆಯನ್ನು 15 ಮೀಟರಿನಿಂದ 12ಕ್ಕೆ ಇಳಿಸಿದರೆ ನಗರದ ವಿಶ್ವಾಸಾರ್ಹತೆ ಒಂದು ಕೊಳವೆಯನ್ನೂ ಮುಟ್ಟದೆ ಏರಿಬಿಡುತ್ತದೆ ಎಂಬುದನ್ನು ಕಂಡುಕೊಂಡಾಗ, ಈ ಅಂಕಿಯನ್ನು ಯಾವ ವ್ಯಾಖ್ಯೆಯೂ ಇಲ್ಲದೆ ವರದಿಯ ಮುಖಪುಟದಲ್ಲಿ ಹಾಕುವುದಿಲ್ಲವೆಂದು ನಾವು ಮೂವರೂ ತೀರ್ಮಾನಿಸಿದೆವು.

ಮಾದರಿ ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಕ್ಷೆಯ ಕಡತದಲ್ಲಿ ಒಂದನ್ನೊಂದು ದಾಟಿಹೋಗುವ ಕೊಳವೆಗಳು ನಿಜಕ್ಕೂ ಕೂಡುತ್ತವೆಯೋ ಅಥವಾ ಒಂದರ ಕೆಳಗೊಂದು ಹಾದುಹೋಗುತ್ತವೆಯೋ ತಿಳಿಯುವುದಿಲ್ಲ; ಒಂದೇ ಸಂಧಿಯನ್ನು ಇಬ್ಬರು ಎರಡು ಸಲ ಗುರುತಿಸಿರುತ್ತಾರೆ; ಕೊಳವೆಯೊಂದು ಬೀದಿಯ ನಡುವೆ ಎಲ್ಲಿಗೂ ಸೇರದೆ ನಿಂತುಬಿಟ್ಟಿರುತ್ತದೆ. ಇವನ್ನೆಲ್ಲ ಒಂದೊಂದಾಗಿ ತಿದ್ದುವುದು ಅಕ್ಕಿಯಿಂದ ಕಲ್ಲು ಆರಿಸಿದಂತೆ. ನೆಲದ ಎತ್ತರದ ವಿಷಯದಲ್ಲಿ ಮಾತ್ರ ನಾವು ರಾಜಿ ಮಾಡಿಕೊಳ್ಳಲಿಲ್ಲ, ಏಕೆಂದರೆ ಎತ್ತರದಲ್ಲಿ ಎರಡು ಮೀಟರ್ ತಪ್ಪಾದರೆ ಒತ್ತಡದಲ್ಲಿಯೂ ಅಷ್ಟೇ ಮೀಟರ್ ತಪ್ಪು ನೇರವಾಗಿ ಸೇರಿಕೊಳ್ಳುತ್ತದೆ, ಮತ್ತು ನಮ್ಮ ಪಾಸು-ನಪಾಸಿನ ಗೆರೆ ನಿಂತಿರುವುದೇ ಮೀಟರುಗಳ ಮೇಲೆ.

ಲೆಕ್ಕಕ್ಕೆ ನಾವು ಬಳಸಿದ್ದು ಇಪಾನೆಟ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ತಂತ್ರಾಂಶವನ್ನು 1993ರಲ್ಲಿ ಮೊದಲು ಹೊರತಂದಿತು. ಅದರ ಮುಖ್ಯ ರೂವಾರಿ ಲೂಯಿಸ್ ರಾಸ್‌ಮನ್. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ್ದರಿಂದ ಜಗತ್ತಿನಾದ್ಯಂತ ಕೊಳವೆ ಜಾಲದ ಕೆಲಸ ಮಾಡುವವರಿಗೆ ಇದು ಕೈಯುಳಿಯಂತಾಗಿದೆ. ಹಳೆಯ ಆವೃತ್ತಿಯೊಂದು ನನ್ನ ಗಣಕದಲ್ಲಿ ಇದ್ದೇ ಇದ್ದುದರಿಂದ ಅದರಲ್ಲಿಯೇ ಮೊದಲ ಪ್ರಯೋಗ ಮಾಡಿದೆ: ಊರಿಗೆ ನೀರು ತರುವ ದೊಡ್ಡ ಕೊಳವೆಯೊಂದನ್ನು ಮುಚ್ಚಿ ಓಡಿಸಿದೆ. ದಿಬ್ಬದ ಮೇಲಿನ ಸಂಧಿಯಲ್ಲಿ ಒತ್ತಡ ಸೊನ್ನೆಗಿಂತ 14 ಮೀಟರ್ ಕೆಳಗಿದೆಯೆಂದೂ, ಹಾಗಿದ್ದರೂ ಅಲ್ಲಿನ ಮನೆಗಳಿಗೆ ಬೇಡಿಕೆಯಷ್ಟೂ ನೀರು ಹೋಗುತ್ತಿದೆಯೆಂದೂ ಫಲಿತಾಂಶ ಬಂತು. ನಿರ್ವಾತ ಎಷ್ಟೇ ಪೂರ್ಣವಾಗಿದ್ದರೂ ಹೊರಗಿನ ವಾಯುಭಾರಕ್ಕಿಂತ ಸುಮಾರು 10 ಮೀಟರ್ ನೀರಿನ ಕಂಬದಷ್ಟು ಮಾತ್ರ ಕೆಳಗಿಳಿಯಲು ಸಾಧ್ಯ. ಅಷ್ಟು ಹೊತ್ತಿಗೆ ಕೊಳವೆಯೊಳಗಿನ ನೀರು ಆವಿಯಾಗತೊಡಗಿರುತ್ತದೆ. ಹಳೆಯ ವಿಧಾನದಲ್ಲಿ ತಂತ್ರಾಂಶ ಬೇಡಿಕೆಯನ್ನು ಈಡೇರಿದ್ದೆಂದೇ ಭಾವಿಸಿಕೊಂಡು ಒತ್ತಡವನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕುತ್ತದೆ. ಎಲ್ಲವೂ ಸರಿಯಿರುವ ದಿನಕ್ಕೆ ಅದು ಸಾಕು. ನಮಗೆ ಬೇಕಾಗಿದ್ದದ್ದು ಕೆಟ್ಟ ದಿನ. ಒತ್ತಡವನ್ನು ನೋಡಿಕೊಂಡು ಬೇಡಿಕೆಯನ್ನು ತಗ್ಗಿಸುವ ಸೌಲಭ್ಯ 2020ರ 2.2ನೆಯ ಆವೃತ್ತಿಯಲ್ಲಿ ಸೇರಿತ್ತು. ಅದಕ್ಕೆ ಬದಲಾಯಿಸಿಕೊಂಡ ಮೇಲೆಯೇ ಅಂಕಿಗಳು ಮನುಷ್ಯಲೋಕಕ್ಕೆ ಇಳಿದವು.

ಇನ್ನು ಮಾದರಿಯನ್ನು ನೆಲದ ಅಳತೆಗಳೊಂದಿಗೆ ತಾಳೆ ನೋಡುವ ಹಂತ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ತಪ್ಪು ಮಾಡಿದ್ದು ಇಲ್ಲಿ.

ಜಾಲದ ಹಲವು ಕಡೆ ಒತ್ತಡಮಾಪಕಗಳನ್ನು ಕೂರಿಸಿ ಎರಡು ವಾರ ಬಿಟ್ಟಿದ್ದೆವು. ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ಹರಿವು ಅತಿ ಕಡಿಮೆಯಿರುವುದರಿಂದ ಕೊಳವೆಯೊಳಗಿನ ಘರ್ಷಣೆ ನಗಣ್ಯವಾಗಿರುತ್ತದೆ. ಆಗ ಮಾದರಿಗೂ ಮಾಪಕಕ್ಕೂ ವ್ಯತ್ಯಾಸ ಕಂಡರೆ ತಪ್ಪು ಎತ್ತರದಲ್ಲಿದೆ ಅಥವಾ ಮಾಪಕದಲ್ಲಿದೆ ಎಂದು ತಿಳಿಯಬಹುದು. ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲಿ ಮಾತ್ರ ವ್ಯತ್ಯಾಸ ಕಂಡರೆ ತಪ್ಪಿರುವುದು ಘರ್ಷಣೆಯ ಲೆಕ್ಕದಲ್ಲಿ ಅಥವಾ ಬೇಡಿಕೆಯ ಹಂಚಿಕೆಯಲ್ಲಿ. ದಿಬ್ಬದ ಬುಡದ ಒಂದು ಸಂಧಿಯಲ್ಲಿ ರಾತ್ರಿಯ ಒತ್ತಡ ಅರ್ಧ ಮೀಟರಿನೊಳಗೆ ಹೊಂದಿಕೊಂಡಿತು. ಬೆಳಗ್ಗೆ ಏಳು ಗಂಟೆಗೆ ಮಾತ್ರ ಮಾದರಿಗಿಂತ ನಿಜವಾದ ಒತ್ತಡ 11 ಮೀಟರ್ ಕಡಿಮೆ.

ಘರ್ಷಣೆಗೆ ನಾವು ಹೇಜನ್-ವಿಲಿಯಮ್ಸ್ ಸೂತ್ರವನ್ನು ಬಳಸುತ್ತಿದ್ದೆವು. ಅದರಲ್ಲಿ ಕೊಳವೆಯ ಒಳಮೈ ಎಷ್ಟು ನುಣುಪು ಎಂಬುದನ್ನು ‘ಸಿ’ ಎಂಬ ಒಂದು ಅಂಕಿ ಹೇಳುತ್ತದೆ. ಹೊಸ ಎರಕದ ಕಬ್ಬಿಣಕ್ಕೆ ಸುಮಾರು 130, ತುಕ್ಕು ಹಿಡಿದಂತೆಲ್ಲ ಇಳಿಯುತ್ತ ಹೋಗುತ್ತದೆ. ಆ ಸಂಧಿಗೆ ನೀರು ತರುವ 300 ಮಿಲಿಮೀಟರ್ ವ್ಯಾಸದ, ಸುಮಾರು 600 ಮೀಟರ್ ಉದ್ದದ ಕೊಳವೆಗೆ ನಾನು 110 ಕೊಟ್ಟಿದ್ದೆ. ಬೆಳಗಿನ ಹರಿವಿಗೆ 3 ಮೀಟರ್ ನಷ್ಟ ಬರುತ್ತಿತ್ತು. ಅಂಕಿಯನ್ನು ಇಳಿಸುತ್ತ ಹೋದೆ. 48ಕ್ಕೆ ತಂದಾಗ ನಷ್ಟ ನಾಲ್ಕೂವರೆ ಪಟ್ಟಿಗಿಂತ ಹೆಚ್ಚಾಗಿ 14 ಮೀಟರಿಗೆ ಏರಿತು, ಮಾಪಕದ ಗೆರೆಯ ಮೇಲೆ ಮಾದರಿಯ ಗೆರೆ ಇಡೀ ದಿನ ಅಚ್ಚೊತ್ತಿದಂತೆ ಕೂತಿತು. ಆ ಚಿತ್ರವನ್ನು ಮುದ್ರಿಸಿ ಗೋಡೆಗೆ ಅಂಟಿಸಿದೆ. ನನ್ನ ಸಹೋದ್ಯೋಗಿ ಅದನ್ನು ನೋಡಿ, ಆ ಕೊಳವೆಯ ಒಳಮೈಗೆ ಸಿಮೆಂಟ್ ಲೇಪವಿದೆಯೆಂದು ಕಡತದಲ್ಲಿ ಬರೆದಿದೆಯಲ್ಲ, ಲೇಪವಿರುವ ಕೊಳವೆಗೆ 48 ಎಲ್ಲಿಂದ ಬಂತು ಎಂದು ಕೇಳಿದರು. ಕಡತ ತಪ್ಪಿರಬೇಕು ಎಂದು ಉತ್ತರಿಸಿದೆ. ಗೆರೆ ಕೂಡಿದ ಸಂತೋಷದಲ್ಲಿದ್ದವನಿಗೆ ಕಡತ ತಪ್ಪೆನ್ನುವುದು ಸುಲಭ.

ಒಂದು ವಾರದ ನಂತರ ಆ ಕೊಳವೆಯುದ್ದಕ್ಕೂ ನಡೆದು ಮೂರು ಕಡೆ ಒತ್ತಡ ಅಳೆಯೋಣವೆಂದು ಅವರೇ ಎಬ್ಬಿಸಿಕೊಂಡು ಹೋದರು. ಇಳಿಕೆ ಉದ್ದಕ್ಕೂ ಹರಡಿಕೊಂಡಿದ್ದರೆ ತುಕ್ಕು, ಒಂದೇ ಕಡೆ ಇದ್ದರೆ ಬೇರೇನೋ. ಎರಡನೆಯ ಮತ್ತು ಮೂರನೆಯ ಮಾಪಕಗಳ ನಡುವೆ, ಐವತ್ತು ಹೆಜ್ಜೆಯ ಅಂತರದಲ್ಲಿ, ಹೆಚ್ಚುಕಡಿಮೆ ಅಷ್ಟೂ ಒತ್ತಡ ಕಳೆದುಹೋಗುತ್ತಿತ್ತು. ಆ ಜಾಗದಲ್ಲಿ ನಕ್ಷೆಯ ಪ್ರಕಾರ ಒಂದು ಗೇಟ್ ವಾಲ್ವ್, ‘ತೆರೆದಿದೆ’ ಎಂಬ ಟಿಪ್ಪಣಿಯೊಂದಿಗೆ. ಮುಚ್ಚಳ ಡಾಂಬರಿನ ಕೆಳಗೆ ಹೂತುಹೋಗಿತ್ತು. ಅಗೆದು ತೆಗೆದು, ಗುಂಡಿಯಲ್ಲಿ ನಿಂತಿದ್ದ ಕೆಸರನ್ನು ಬಾಚಿದ ಮೇಲೆ, ವಾಲ್ವ್‌ಗಳನ್ನು ನೋಡಿಕೊಳ್ಳುವ ಹಿರಿಯ ಕೆಲಸಗಾರರೊಬ್ಬರು ಉದ್ದನೆಯ ಕೀಲಿ ಇಳಿಸಿ ಮೊದಲು ಮುಚ್ಚುವ ದಿಕ್ಕಿಗೆ ತಿರುಗಿಸುತ್ತ ಗಟ್ಟಿಯಾಗಿ ಎಣಿಸಿದರು. ಆ ಗಾತ್ರದ ಗೇಟ್ ವಾಲ್ವ್ ಪೂರ್ತಿ ತೆರೆದಿದ್ದರೆ ಮುಚ್ಚಲು ನಲವತ್ತರ ಆಸುಪಾಸು ಸುತ್ತು ಬೇಕು. ನಾಲ್ಕನೆಯ ಸುತ್ತಿಗೆ ಕೀಲಿ ನಿಂತಿತು. ಯಾವಾಗಲೋ ಯಾವುದೋ ದುರಸ್ತಿಗೆ ಮುಚ್ಚಿದ ವಾಲ್ವನ್ನು ಮರಳಿ ತೆರೆಯುವಾಗ ನೀರಿನ ಸದ್ದು ಕೇಳಿದ ಕೂಡಲೇ ಯಾರೋ ಕೈಬಿಟ್ಟಿದ್ದರು. ಆ ಹಿರಿಯ ಕೆಲಸಗಾರರು ಅದನ್ನು ಹಿಂದೆ ಮುಂದೆ ಆಡಿಸುತ್ತ ಪೂರ್ತಿ ತೆರೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮರುದಿನ ಬೆಳಗ್ಗೆ ಏಳು ಗಂಟೆಗೆ ಮಾಪಕ 110ರ ಮಾದರಿ ಹೇಳಿದ ಒತ್ತಡವನ್ನೇ ತೋರಿಸಿತು. ಗೋಡೆಯ ಚಿತ್ರವನ್ನು ನಾನೇ ತೆಗೆದೆ.

ನನ್ನನ್ನು ಬಹಳ ದಿನ ಕಾಡಿದ್ದು ಆ ತಪ್ಪು ಅಂಕಿಯ ಚಂದದ ಹೊಂದಾಣಿಕೆ. ಅರೆಮುಚ್ಚಿದ ವಾಲ್ವಿನ ನಷ್ಟ ಹರಿವಿನ ವರ್ಗದಂತೆ ಏರುತ್ತದೆ. ಹೇಜನ್-ವಿಲಿಯಮ್ಸ್ ಸೂತ್ರದಲ್ಲಿ ನಷ್ಟ ಹರಿವಿನ 1.852ನೆಯ ಘಾತದಂತೆ ಏರುತ್ತದೆ. ಎರಡೂ ಇಷ್ಟು ಹತ್ತಿರವಿರುವುದರಿಂದ ಒಂದನ್ನು ಇನ್ನೊಂದೆಂದು ನಂಬಿದರೂ ದಿನದ ಯಾವ ಗಂಟೆಯಲ್ಲಿಯೂ ಗೆರೆಗಳು ಬೇರ್ಪಡುವುದಿಲ್ಲ. ನಾನು ಆ ಮಾದರಿಯನ್ನೇ ಮುಂದುವರಿಸಿದ್ದರೆ, ದಿಬ್ಬದ ಬಡಾವಣೆಯ ವಿಶ್ವಾಸಾರ್ಹತೆ ಕಡಿಮೆ, ಕಾರಣ ಹಳೆಯ ಕೊಳವೆ, ಪರಿಹಾರ 600 ಮೀಟರ್ ಹೊಸ ಕೊಳವೆ ಎಂದು ವರದಿ ಬರೆಯುತ್ತಿದ್ದೆ. ಬೇಕಾಗಿದ್ದದ್ದು ಮೂವತ್ತಾರು ಸುತ್ತು.

ಮಾದರಿ ನಂಬಿಕೆಗೆ ಅರ್ಹವೆನಿಸಿದ ಮೇಲೆ ಅದನ್ನು ಕೆಡಿಸುವ ಕೆಲಸ ಶುರುವಾಯಿತು. ಪಂಪ್‌ಗಳಿಂದ ಆರಂಭಿಸಿದೆವು. ಪಂಪಿನ ಲಭ್ಯತೆಯನ್ನು ಲೆಕ್ಕ ಹಾಕುವುದು ಸರಳ: ಎರಡು ಕೆಡುಕುಗಳ ನಡುವೆ ಸರಾಸರಿ ಎಷ್ಟು ಗಂಟೆ ಓಡುತ್ತದೆ, ಕೆಟ್ಟರೆ ಸರಿಹೋಗಲು ಸರಾಸರಿ ಎಷ್ಟು ಗಂಟೆ ಬೇಕು, ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಆಯಿತು. ಒಂದೊಂದು ಪಂಪಿಗೆ 0.95 ಎಂದುಕೊಳ್ಳೋಣ. ಮೂರು ಪಂಪ್‌ಗಳಲ್ಲಿ ಎರಡು ಓಡಿದರೆ ಸಾಕೆಂದಾದರೆ, ಕನಿಷ್ಠ ಎರಡು ಸಿದ್ಧವಿರುವ ಸಂಭವ 0.993 ಬರುತ್ತದೆ. ಈ ಅಂಕಿಯನ್ನು ಪಂಪ್‌ಮನೆಯಲ್ಲಿ ಪಾಳಿಯಲ್ಲಿದ್ದ ನಿರ್ವಾಹಕರಿಗೆ ಹೆಮ್ಮೆಯಿಂದ ಹೇಳಿದಾಗ ಅವರು, “ಕರೆಂಟ್ ಹೋದಾಗ ಮೂರರಲ್ಲಿ ಯಾವುದು ಓಡುತ್ತದೆ?” ಎಂದು ಕೇಳಿದರು. ಮೂರಕ್ಕೂ ಒಂದೇ ವಿದ್ಯುತ್ ಮಾರ್ಗ. ಆ ಮಾರ್ಗದ ಲಭ್ಯತೆ 0.99 ಎಂದಿಟ್ಟುಕೊಂಡರೂ ಒಟ್ಟು 0.983ಕ್ಕೆ ಇಳಿಯುತ್ತದೆ, ಮತ್ತು ನಾಲ್ಕನೆಯ ಪಂಪನ್ನು ತಂದಿಟ್ಟರೂ 0.99ರ ಆ ಚಾವಣಿಯನ್ನು ದಾಟಲಾಗದು. ಬಿಡಿಭಾಗಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ ಎಂಬ ಊಹೆಯ ಮೇಲೆ ನಿಂತ ಯಾವ ಲೆಕ್ಕವನ್ನು ಕಂಡರೂ ನಾನು ಈಗ ಮೊದಲು ಹುಡುಕುವುದು ಅವೆಲ್ಲಕ್ಕೂ ತಗಲಿಕೊಂಡಿರುವ ಒಂದು ತಂತಿಯನ್ನು.

ಕೊಳವೆ ಒಡೆಯುವುದನ್ನು, ಅಪರೂಪದ ಘಟನೆಗಳು ಎಷ್ಟು ಸಲ ನಡೆಯಬಹುದೆಂದು ಲೆಕ್ಕ ಹಾಕಲು ಬಳಸುವ ಪ್ವಾಸೋನ್ ವಿತರಣೆಯಿಂದ ತೆಗೆದೆವು. ಕೊಳವೆಯ ಉದ್ದ ಹೆಚ್ಚಿದಷ್ಟೂ ಒಡೆಯುವ ಸಂಭವ ಹೆಚ್ಚು, ವಯಸ್ಸಾದಂತೆ ಆ ದರವೂ ಏರುತ್ತದೆ. ವಯಸ್ಸಿನೊಂದಿಗೆ ಈ ದರ ಘಾತೀಯವಾಗಿ ಬೆಳೆಯುತ್ತದೆಂಬ ಶಮೀರ್ ಮತ್ತು ಹೋವರ್ಡ್ ಅವರ 1979ರ ಸೂತ್ರವನ್ನು ಮೊದಲಿಗೆ ಇಟ್ಟುಕೊಂಡು, ಸಂಸ್ಥೆಯ ದುರಸ್ತಿ ದಾಖಲೆಗಳಿಂದ ಅದರ ಅಂಕಗಳನ್ನು ಗೊತ್ತುಮಾಡಲು ಹೋದೆವು. ದಾಖಲೆಯಲ್ಲಿ ದೂರು ಬಂದ ಸಮಯ ನಿಮಿಷದವರೆಗೂ ಇತ್ತು. ದುರಸ್ತಿ ಮುಗಿದ ಸಮಯ ಮಾತ್ರ ವಿಚಿತ್ರವೆನಿಸುವಷ್ಟು ಸಲ ಪಾಳಿ ಮುಗಿಯುವ ಸಮಯವೇ ಆಗಿತ್ತು. ದುರಸ್ತಿಗೆ ಹಿಡಿದ ಕಾಲವೆಂಬುದು ನಮ್ಮ ಇಡೀ ಲೆಕ್ಕದಲ್ಲಿ ಪಂಪಿನಷ್ಟೇ ಭಾರದ ಅಂಕಿ. ಅದು ಹಾಜರಿ ಪುಸ್ತಕದ ಅಂಕಿಯಾಗಿತ್ತು. ಕೊನೆಗೆ ಹತ್ತಿರದ ಒತ್ತಡಮಾಪಕಗಳಲ್ಲಿ ಒತ್ತಡ ಮರಳಿ ಬಂದ ಕ್ಷಣವನ್ನು ಹುಡುಕಿ, ಸಿಕ್ಕಷ್ಟು ಪ್ರಕರಣಗಳಿಗೆ ನಿಜವಾದ ಅವಧಿಯನ್ನು ಕಟ್ಟಿಕೊಂಡೆವು. ಬಹಳಷ್ಟು ದುರಸ್ತಿಗಳು ಬೇಗ ಮುಗಿದಿದ್ದವು, ಕೆಲವು ಮಾತ್ರ ಎಳೆದುಕೊಂಡು ಹೋಗಿದ್ದವು. ನಾಗರಿಕರು ನೆನಪಿಟ್ಟುಕೊಳ್ಳುವುದು ಆ ಕೆಲವನ್ನೇ ಆದ್ದರಿಂದ ಸರಾಸರಿಯೊಂದನ್ನೇ ಹಾಕಿ ಓಡಿಸಲಿಲ್ಲ.

ವಾಲ್ವ್‌ಗಳು ಇನ್ನೊಮ್ಮೆ ಅಡ್ಡಬಂದವು. ಮಾದರಿಯಲ್ಲಿ ಕೊಳವೆಯೊಂದು ಒಡೆದರೆ ಆ ಒಂದು ಗೆರೆಯನ್ನು ಅಳಿಸಿದರೆ ಮುಗಿಯಿತು. ನೆಲದಲ್ಲಿ ಹಾಗಲ್ಲ, ಒಡೆದ ಜಾಗದ ಸುತ್ತ ಇರುವ ವಾಲ್ವ್‌ಗಳನ್ನೆಲ್ಲ ಮುಚ್ಚಬೇಕು, ಆಗ ಅವುಗಳ ನಡುವೆ ಸಿಕ್ಕಿಕೊಂಡ ಎಲ್ಲ ಕೊಳವೆಗಳೂ ಒಟ್ಟಿಗೆ ಒಣಗುತ್ತವೆ. ಹೀಗೆ ಬೇರ್ಪಡುವ ತುಂಡುಗಳನ್ನೇ ಲೆಕ್ಕದ ಘಟಕವಾಗಿ ಹಿಡಿಯಬೇಕೆಂದು ವಾಲ್ಸ್ಕಿ 1993ರಲ್ಲಿಯೇ ವಾದಿಸಿದ್ದರು. ನಾವು ಜಾಲವನ್ನು ಅದರಂತೆ ತುಂಡುಗಳಾಗಿ ವಿಂಗಡಿಸಿ ನೋಡಿದಾಗ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಅಕ್ಕಪಕ್ಕದಲ್ಲಿ ಹಾಕಿದ್ದ ಎರಡು ಮುಖ್ಯ ಕೊಳವೆಗಳು ಒಂದು ಕಡೆ ಒಂದೇ ತುಂಡಿನೊಳಗೆ ಬಿದ್ದವು. ಅವುಗಳ ನಡುವಿನ ಅಡ್ಡಕೊಳವೆಗೆ ವಾಲ್ವೇ ಇರಲಿಲ್ಲ. ನಕ್ಷೆಯ ಮೇಲೆ ಎರಡು ದಾರಿ. ದುರಸ್ತಿಯ ದಿನ ಒಂದೂ ಇಲ್ಲ. ತಿರುಗದೆ ಕಚ್ಚಿಕೊಂಡ ವಾಲ್ವ್ ಒಂದಿದ್ದರೆ ಅಕ್ಕಪಕ್ಕದ ಎರಡು ತುಂಡುಗಳು ಕೂಡಿ ಒಂದಾಗುತ್ತವೆ, ಆದ್ದರಿಂದ ವಾಲ್ವ್ ಕೆಲಸ ಮಾಡದಿರುವ ಸಂಭವವನ್ನೂ ಯಾದೃಚ್ಛಿಕವಾಗಿ ಆಯುವ ಪಟ್ಟಿಗೆ ಸೇರಿಸಿದೆವು.

ಹೀಗೆ ಎಲ್ಲವನ್ನೂ ಸೇರಿಸಿ ಮಾಂಟೆ ಕಾರ್ಲೋ ವಿಧಾನದಲ್ಲಿ ಓಡಿಸಿದೆವು: ಯಾವ ದಿನ ಯಾವುದು ಕೆಡುತ್ತದೆ, ಎಷ್ಟು ಹೊತ್ತು ಕೆಟ್ಟಿರುತ್ತದೆ ಎಂಬುದನ್ನು ಪಗಡೆ ಉರುಳಿಸಿದಂತೆ ಆರಿಸಿಕೊಂಡು, ಆ ದಿನವನ್ನು ಗಂಟೆಗಂಟೆಯಾಗಿ ನಡೆಸಿ, ಮತ್ತೆ ಇನ್ನೊಂದು ದಿನವನ್ನು ಆರಿಸುವುದು. ಗಂಟೆಗಂಟೆಯಾಗಿ ನಡೆಸಲೇಬೇಕು, ಏಕೆಂದರೆ ಬೆಳಗಿನ ಜಾವ ಎತ್ತರದ ಟ್ಯಾಂಕ್ ತುಂಬಿರುವಾಗ ಪಂಪ್ ನಿಂತರೆ ಊರಿಗೆ ತಿಳಿಯುವುದೇ ಇಲ್ಲ. ಬೆಳಗಿನ ಬಳಕೆ ಮುಗಿದು ಟ್ಯಾಂಕ್ ತಳ ಕಂಡಿರುವಾಗ ಅದೇ ಪಂಪ್ ಅಷ್ಟೇ ಹೊತ್ತು ನಿಂತರೆ ದಿಬ್ಬ ಒಣಗುತ್ತದೆ. ಮೊದಲ ಸಲ ಎರಡು ಬೇರೆ ಬೀಜಸಂಖ್ಯೆಗಳಿಂದ, ಅಂದರೆ ಯಾದೃಚ್ಛಿಕ ಆಯ್ಕೆಯ ಎರಡು ಬೇರೆ ಆರಂಭಗಳಿಂದ, ಓಡಿಸಿದಾಗ ನಗರದ ಸರಾಸರಿ ಮೂರನೆಯ ದಶಮಾಂಶದಲ್ಲಿ ಮಾತ್ರ ಬದಲಾಯಿತು. ಒಂದೊಂದು ಸಂಧಿಯ ಅಂಕಿಗಳು ಮಾತ್ರ ಗುರುತು ಸಿಗದಷ್ಟು ಅಲ್ಲಾಡಿದವು. ಇದು ಅಪರೂಪದ ಘಟನೆಗಳ ಸ್ವಭಾವ. ಸಾವಿರಕ್ಕೊಂದರಂತೆ ನಡೆಯುವುದನ್ನು ಶೇ. 10ರ ಸಾಪೇಕ್ಷ ದೋಷದೊಳಗೆ ಹಿಡಿಯಬೇಕಾದರೆ ಸುಮಾರು ಒಂದು ಲಕ್ಷ ಸಲ ಉರುಳಿಸಬೇಕು. ಗಣಕಗಳು ರಾತ್ರಿಯಿಡೀ ಓಡಿದವು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಟೊಡಿನಿ 2000ದಲ್ಲಿ ಸೂಚಿಸಿದ ಸ್ಥಿತಿಸ್ಥಾಪಕತ್ವ ಸೂಚ್ಯಂಕವನ್ನೂ ಪಕ್ಕದಲ್ಲಿಟ್ಟು ಲೆಕ್ಕ ಹಾಕಿದ್ದೆವು. ಸಂಧಿಗಳಲ್ಲಿ ಅಗತ್ಯಕ್ಕಿಂತ ಎಷ್ಟು ಶಕ್ತಿ ಮಿಕ್ಕಿದೆ ಎಂಬುದನ್ನು ಅದು ಒಂದೇ ಅಂಕಿಯಲ್ಲಿ ಹೇಳುತ್ತದೆ, ಒಂದೇ ನಿಮಿಷದಲ್ಲಿ ಸಿಗುತ್ತದೆ, ವಿನ್ಯಾಸಗಳನ್ನು ಒಂದಕ್ಕೊಂದು ಹೋಲಿಸಲು ನಿಜಕ್ಕೂ ಒಳ್ಳೆಯದು. ಆದರೆ ವಾಲ್ವಿಲ್ಲದ ಆ ಅಡ್ಡಕೊಳವೆ ಅದರ ಕಣ್ಣಿಗೆ ಬೀಳಲೇ ಇಲ್ಲ. ಎರಡು ದೊಡ್ಡ ಕೊಳವೆಗಳಿರುವುದರಿಂದ ಆ ಭಾಗಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟಿತು.

ಫಲಿತಾಂಶದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ದುರಸ್ತಿಯ ಕಾಲ. ಟ್ಯಾಂಕಿನಲ್ಲಿರುವ ನೀರು ಒಂದು ಬಡಾವಣೆಗೆ ಆರು ಗಂಟೆ ಸಾಲುತ್ತದೆ ಎಂದಿಟ್ಟುಕೊಳ್ಳಿ. ಟ್ಯಾಂಕಿಗೆ ನೀರು ತರುವ ಕೊಳವೆ ಒಡೆದು, ದುರಸ್ತಿಗೆ ಹನ್ನೆರಡು ಗಂಟೆ ಹಿಡಿದರೆ ಜನ ಆರು ಗಂಟೆ ನೀರಿಲ್ಲದೆ ಇರುತ್ತಾರೆ. ದುರಸ್ತಿಯನ್ನು ಎಂಟು ಗಂಟೆಗೆ ಇಳಿಸಿದರೆ ಎರಡೇ ಗಂಟೆ. ದುರಸ್ತಿಯ ಕಾಲವನ್ನು ಮೂರನೆಯ ಒಂದು ಭಾಗ ಕಡಿತಗೊಳಿಸಿದರೆ ಜನ ಅನುಭವಿಸುವ ಕೊರತೆ ಮೂರನೆಯ ಎರಡು ಭಾಗ ಕಡಿಮೆಯಾಗುತ್ತದೆ. ಮಾದರಿಯಲ್ಲಿ ಹೊಸ ಕೊಳವೆಗಳನ್ನು ಹಾಕಿ ಓಡಿಸಿದ್ದಕ್ಕಿಂತ, ಕಚ್ಚಿಕೊಂಡ ವಾಲ್ವ್‌ಗಳನ್ನು ಸರಿಪಡಿಸಿ, ಬಿಡಿಭಾಗಗಳನ್ನು ಕೈಗೆಟಕುವಂತೆ ಇಟ್ಟುಕೊಂಡು ದುರಸ್ತಿ ಬೇಗ ಮುಗಿಸಿದ ಓಟಗಳಲ್ಲಿ ದಿಬ್ಬದ ಸಂಧಿಗಳು ಹೆಚ್ಚು ಸುಧಾರಿಸಿದವು. ಕೊಳವೆ ಹಾಕುವುದಕ್ಕೆ ಉದ್ಘಾಟನೆ ಇರುತ್ತದೆ, ವಾಲ್ವ್ ತಿರುಗಿಸುವುದಕ್ಕೆ ಇರುವುದಿಲ್ಲ. ಈ ಶಿಫಾರಸನ್ನು ಸಭೆಯಲ್ಲಿ ಮಂಡಿಸಿದಾಗ ಸಿಕ್ಕ ಮೌನಕ್ಕೆ ಅದೇ ಕಾರಣವೆಂದು ನಾನು ಈಗಲೂ ನಂಬಿದ್ದೇನೆ.

ಅದೇ ಸಭೆಯಲ್ಲಿ ಜಲಾಶಯದ ವಿಶ್ವಾಸಾರ್ಹತೆಯನ್ನೂ ಇದರೊಂದಿಗೆ ಗುಣಿಸಿ ಅಂತಿಮ ಶೇಕಡಾವಾರು ಕೊಡಿ ಎಂಬ ಬೇಡಿಕೆ ಬಂತು. ಎಷ್ಟು ಸಂಗ್ರಹವಿದ್ದರೆ ಬರಗಾಲವನ್ನು ದಾಟಬಹುದು ಎಂಬ ಲೆಕ್ಕಕ್ಕೆ 1883ರಲ್ಲಿ ರಿಪ್ಪಲ್ ಕೊಟ್ಟ ಸಂಚಿತ ರೇಖೆಯ ಕಾಲದಿಂದಲೂ ಒಂದು ಗಟ್ಟಿಯಾದ ಪರಂಪರೆಯಿದೆ, ಮತ್ತು ಆ ಲೆಕ್ಕವನ್ನು ಬೇರೊಂದು ತಂಡ ಮಾಡಿ ಮುಗಿಸಿತ್ತು. ಆದರೆ ಅಲ್ಲಿ 0.95 ಎಂದರೆ ಇಪ್ಪತ್ತು ವರ್ಷಗಳಲ್ಲಿ ಹತ್ತೊಂಬತ್ತು ವರ್ಷ ಜಲಾಶಯ ಸಾಕಾಗುತ್ತದೆ ಎಂದರ್ಥ, ನಮ್ಮಲ್ಲಿ 0.995 ಎಂದರೆ ಒಂದು ಸಂಧಿಯಲ್ಲಿ ಸಾವಿರ ಗಂಟೆಗಳಲ್ಲಿ ಒಂಬೈನೂರ ತೊಂಬತ್ತೈದು ಗಂಟೆ ಒತ್ತಡ ಸಾಲುತ್ತದೆ ಎಂದರ್ಥ. ಗುಣಿಸಿದರೆ 0.945 ಎಂಬ ಅಂಕಿ ಬರುತ್ತದೆ, ಅದು ವರ್ಷವೂ ಅಲ್ಲ, ಗಂಟೆಯೂ ಅಲ್ಲ. ಒಂದೂವರೆ ಗಂಟೆ ವಾದ ನಡೆದ ಮೇಲೆ ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ಇಡಲು ಒಪ್ಪಿಗೆ ಸಿಕ್ಕಿತು. ಜಾಲದ ಪುಟದಲ್ಲಿ ನಾವು ಒಂದು ಅಂಕಿಯ ಬದಲು ಒಂದು ನಕ್ಷೆಯನ್ನೂ, ಪ್ರತಿ ವಲಯಕ್ಕೆ ಮೂರು ಅಂಕಿಗಳನ್ನೂ ಕೊಟ್ಟೆವು: ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ಕೊರತೆ. ನಗರದ ಸರಾಸರಿ ಹಿರಿಯ ಎಂಜಿನಿಯರರು ಮೊದಲ ದಿನ ಹೇಳಿದ ಶೇ. 99ನ್ನು ದಾಟಿಯೇ ಇತ್ತು. ದಿಬ್ಬದ ವಲಯ ಅದರ ಬಹಳ ಕೆಳಗಿತ್ತು.

ವರದಿ ಒಪ್ಪಿಸಿ ಕೆಲವು ತಿಂಗಳಾದ ಮೇಲೆ ದಿಬ್ಬದ ಟ್ಯಾಂಕಿಗೆ ನೀರು ತರುವ ಕೊಳವೆಯೇ ಒಂದು ಮಧ್ಯಾಹ್ನ ಒಡೆಯಿತು. ನಾವು ಆ ಘಟನೆಯನ್ನು ಮಾದರಿಯಲ್ಲಿ ನಡೆಸಿ ನೋಡಿದೆವು. ಐದು ಗಂಟೆಗಳ ನಂತರ ಮೇಲಿನ ಬೀದಿಗಳಲ್ಲಿ ಒತ್ತಡ 3 ಮೀಟರಿಗೆ ಇಳಿಯಬೇಕೆಂದು ಬಂತು. ಮಾಪಕದಲ್ಲಿ ಅದು ನಾಲ್ಕು ಗಂಟೆಗೆ ಮೊದಲೇ ಇಳಿದಿತ್ತು. ಸೋರಿಕೆಯನ್ನು, ಬೇಡಿಕೆಯನ್ನು, ಎತ್ತರವನ್ನು ಮತ್ತೆ ಮತ್ತೆ ಪರಿಶೀಲಿಸಿದ ಮೇಲೆ ನನ್ನ ಸಹೋದ್ಯೋಗಿ ಟ್ಯಾಂಕಿನ ಏಣಿ ಹತ್ತಿದರು. ನೀರಿನ ಮಟ್ಟ ತೋರಿಸುವ ತೇಲುಗುಂಡು ಸಿಕ್ಕಿಹಾಕಿಕೊಂಡಿದ್ದರಿಂದ, ಉಕ್ಕಿ ಹರಿಯದಿರಲೆಂದು ನಿರ್ವಾಹಕರು ಬಹಳ ದಿನಗಳಿಂದ ಟ್ಯಾಂಕನ್ನು ಒಂದು ಮೀಟರ್ ಕಡಿಮೆಯೇ ತುಂಬಿಸುತ್ತಿದ್ದರು. ನಮ್ಮ ಒಂದು ಲಕ್ಷ ಓಟಗಳಲ್ಲಿ ಪ್ರತಿಯೊಂದೂ ಬೆಳಗಿನ ಜಾವ ತುಂಬಿದ ಟ್ಯಾಂಕಿನಿಂದ ಶುರುವಾಗಿತ್ತು. ಆರಂಭದ ಮಟ್ಟವನ್ನೂ ಯಾದೃಚ್ಛಿಕ ಪಟ್ಟಿಗೆ ಸೇರಿಸಿ ಎಲ್ಲ ಓಟಗಳನ್ನೂ ಮತ್ತೆ ಮೊದಲಿನಿಂದ ಹಚ್ಚಿದೆವು. ದಿಬ್ಬದ ವಲಯದ ಮೂರೂ ಅಂಕಿಗಳು ಇನ್ನಷ್ಟು ಹದಗೆಟ್ಟವು, ಮತ್ತು ತಿದ್ದುಪಡಿಯ ಪುಟವನ್ನು ವರದಿಗೆ ಸೇರಿಸಲು ಸಂಸ್ಥೆಗೆ ಪತ್ರ ಬರೆದೆವು.